ಬೆಳ್ವೊಲವು ಬಿಳಿಯ ಹೊಲವಲ್ಲ

ಮನುಷ್ಯನು ತನ್ನ ವಂಶಾವಳಿಯನ್ನು ಹೇಳಿಕೊಳ್ಳುವಾಗ ಒಂದಿಷ್ಟು ಬಣ್ಣ ಬಳಿಯುವದು ಹೊಸತಲ್ಲ. ನೇಗಿಲು ಹಿಡಿದ ಮುತ್ತಜ್ಜನನ್ನು ಮರೆಮಾಡಿ ಸೂರ್ಯನವರೆಗೋ ಚಂದ್ರನವರೆಗೋ ಏಣಿ ಹಚ್ಚಿದ ಅರಸುಮನೆತನಗಳು ಭರತಖಂಡದಲ್ಲಿ ಅನೇಕ ಆಗಿಹೋದವು. ಅರಸರ ಈ ಚಟವು ಶಬ್ದಗಳಿಗೂ ತಗುಲಿದೆ. ಆದರೆ ಭೇದವೊಂದುಂಟು. ಅರಸನು ತನ್ನ ಸುಳ್ಳನ್ನು ತಾನೇ ಆಡಿಸಿದನು. ಶಬ್ದವಾದರೋ ತಾನಾಗಿ ಸುಳ್ಳಾಡುವದಿಲ್ಲ, ಅದರ ಪರವಾಗಿ ಆಡುವವರು ಪಂಡಿತರು. ತಾಯಿತಂದೆಗಳು ಎದುರಿಗೆ ಬದುಕಿರುವಾಗಲೇ ಒಂದು ಶಬ್ದವನ್ನು ಎತ್ತಿಕೊಂಡು ಹೋಗಿ ಪರರ ಮನೆಗೆ ದತ್ತು ಕೊಡುವ ಈ ಪದ್ಧತಿಗೆ ಧಾರವಾಡ ಸೀಮೆಯ ‘ಬೆಳ್ವೊಲ’ವೆಂಬ ಸಮಾಸಪದದಷ್ಟು ಒಳ್ಳೆಯ ಉದಾಹರಣೆಯು ದೊರೆಯಲಾರದು.

ಅಣ್ಣಿಗೇರಿ ನವಲಗುಂದಗಳ ಕಡೆಗೆ ಹೋದವರಿಗೆ ಆ ಹೆಸರಿನ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಧಾರವಾಡದಿಂದ ಪಡುವಲಿಗೆ, ಕಲಘಟಗಿಯ ಮಗ್ಗುಲಿಗೆ, ಕಾಡು ಗುಡ್ಡ ಕೆರೆ ಬತ್ತದ ಗದ್ದೆಗಳ ಅರೆಮಲೆನಾಡು. ಮೂಡಲಿಗೆ ಕಣ್ಣು ಹಾಯುವವರೆಗೂ ಎರೆಯ ಬಯಲು. ಆ ಬಯಲಿಗೆ ರೈತರು ಬೆಳವಲವೆಂದು ಹೇಳುತ್ತಾರೆ. ಕಲಘಟಗಿಯ ಒಕ್ಕಲಿಗನಿಗೆ ನವಲಗುಂದದ ಬೀಗರು ‘ಬೆಳವಲದವರು’. ನವಲಗುಂದದವನಿಗೆ ಕಲಘಟಗಿಯವರು ‘ಮಲೆನಾಡಿನವರು’. ಒಂದೇ ಜಿಲ್ಹೆಯಲ್ಲಿ ಕೂಡಿಕೊಂಡಿರುವ ಈ ಎರಡು ಭೂಮಿಗಳಿಗೆ ಜನರು ಎರಡು ಸಮಾಸಪದಗಳನ್ನು ಕಟ್ಟಿಟ್ಟಿದ್ದಾರೆ. ‘ಮಲೆನಾಡು’ ಎಂಬಲ್ಲಿ ಮಲೆಯೂ ನಾಡೂ ಇರುವದು ಮಗುವಿಗೂ ತಿಳಿಯುತ್ತದೆ. ಅದಕ್ಕೆ ಬೇರೆ ವ್ಯುತ್ಪತ್ತಿಯನ್ನು ಹುಡುಕುವ ಗೋಜಿಗೆ ಯಾರೂ ಹೋಗಿಲ್ಲ. ಬೆಳವಲವೆಂಬ ಶಬ್ದವು ಕಾಲಕ್ರಮದಲ್ಲಿ ಸವೆದುಹೋಗಿ, ಅದರ ಬೆಸುಗೆಯು ಕಾಣದಂತಾಗಿರುವದರಿಂದಲೇ ಊಹೆಗಳಿಗೆ ಬಾಗಿಲು ತೆರೆದಿದೆ.

ಈ ಹೆಸರು ಇಂದು ನಿನ್ನೆಯದಲ್ಲ. ಬೆಳ್ವೊಲ ಮುನ್ನೂರು ಎಂಬದು ರಾಷ್ಟ್ರಕೂಟರ ಹಾಗೂ ಚಾಲುಕ್ಯರ ಕಾಲದ ಹೆಸರಾದ ನಾಡು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನು ಕೊಟ್ಟ ನಾಡುಗಳನ್ನು ಮಂಡ್ಯ ಸೀಮೆಯ ಆತಕೂರಿನ ಶಾಸನವು ಎಣಿಸಿ ಹೇಳುತ್ತದೆ. ಬನವಾಸಿ ಪನ್ನಿರ್ಛಾಸಿರ, ಪುಲಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವುಗಳ ಸಾಲಿನಲ್ಲಿ ಬೆಳ್ವೊಲ ಮುನ್ನೂರೂ ಇದೆ. ಆ ಶಾಸನದ ಕಾಲ ಕ್ರಿ. ಶ. ೯೪೯-೫೦. ಬೆಳ್ವೊಲದ ಮುಖ್ಯ ಪಟ್ಟಣವಾದ ಅಣ್ಣಿಗೇರಿಯು ಕಲ್ಯಾಣದ ಚಾಲುಕ್ಯರ ಕಡೆಯ ಅರಸನಾದ ನಾಲ್ಕನೆಯ ಸೋಮೇಶ್ವರನಿಗೆ ನೆಲೆಯಾಯಿತು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ಮನೆತನವು ಅಣ್ಣಿಗೇರಿಯದೆಂದು ಅವನ ತಮ್ಮ ಜಿನವಲ್ಲಭನು ಗಂಗಾಧರದ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಅಂದಬಳಿಕ ಈ ಹೆಸರಿನ ಹುಟ್ಟನ್ನು ಕುರಿತು ನಡೆಯುವ ವಾದವು ಕೇವಲ ವೈಯಾಕರಣರ ಹೊತ್ತುಗಳೆಯುವ ಆಟವಲ್ಲ. ಕನ್ನಡದ ತಿರುಳಿನಲ್ಲಿ ಕುಳಿತ ಒಂದು ನಾಡಿನ ಗುರುತಿನ ಪ್ರಶ್ನೆಯಾಗಿದೆ.

ಹೀಗಿದ್ದರೂ ಕೆಲವರು ಬೆಳ್ವೊಲವೆಂದರೆ ಬಿಳಿಯ ಹೊಲ, ಅದರ ನಿಜವಾದ ಹೆಸರು ‘ಧವಳ’ವೆಂದು ವಾದಿಸುವರು. ಬೆಳವಲವೆಂಬದು ಒಂದು ಮರದ ಹೆಸರು, ಆ ಮರವು ಬಿಲ್ವದ ಬಳಗದ್ದು, ಆದಕಾರಣ ಇದು ಬಿಲ್ವಭೂಮಿಯೆಂದು ಇನ್ನು ಕೆಲವರು ನಿರ್ಣಯಿಸುವರು. ಬೆಳೆಯ ಹೊಲವೇ ಬೆಳ್ವೊಲವೆಂಬ ನೇರಾದ ಮಾತು ಮಾತ್ರ ಈ ಎರಡು ಗುಂಪಿನವರಿಗೂ ರುಚಿಸುವದಿಲ್ಲ. ಅದು ತೀರ ಸರಳವಾಯಿತು, ತೀರ ಒಕ್ಕಲುತನದ್ದಾಯಿತು ಎಂಬದೇ ಅದರ ಮೇಲಿನ ಮುಖ್ಯ ಆಕ್ಷೇಪವಾಗಿದ್ದಂತೆ ತೋರುತ್ತದೆ.

ಮೊದಲು ಮರದ ಮಾತನ್ನು ಮುಗಿಸಬಹುದು. ಬೇಲದ ಹಣ್ಣಿಗೆ ಬೆಳವಲದ ಹಣ್ಣೆಂಬ ಹೆಸರಿರುವದು ನಿಜ. ಇಂದಿನ ಉಚ್ಚಾರದಲ್ಲಿ ಮರವೂ ನಾಡೂ ಒಂದೇ ತೆರನಾಗಿ ಕೇಳಿಸುವದೂ ನಿಜ. ಆದರೆ ಸಾವಿರ ವರ್ಷಗಳ ಕೆಳಗೆ ಹುಟ್ಟಿದ ಹೆಸರನ್ನು ಇಂದಿನ ಕಿವಿಯಿಂದ ಅಳೆಯಬಹುದೇ? ಶಾಸನದ ರೂಪ ‘ಬೆಳ್ವೊಲ’. ಅಲ್ಲಿ ವಕಾರದ ಮೇಲೆ ಒಕಾರವು ಸ್ಪಷ್ಟವಾಗಿ ಕುಳಿತಿದೆ. ಆ ಒಕಾರವು ‘ಪೊಲ’ದ್ದು, ಎಂದರೆ ಇಂದಿನ ‘ಹೊಲ’ದ್ದು. ಮರದ ಹೆಸರಿನಲ್ಲಿ ಹೊಲಕ್ಕೇನು ಕೆಲಸ? ಇಷ್ಟಾಗಿ ಎರೆಯ ಬಯಲು ಮರಗಳಿಗೆ ಹೆಸರಾದ ನೆಲವಲ್ಲ. ಹೊಲದ ಬದುವಿನಲ್ಲಿ ಒಂದು ಜಾಲಿ, ಊರ ಹತ್ತಿರ ಒಂದು ಬೇವು, ಹಳ್ಳದ ದಂಡೆಗೆ ನಾಲ್ಕು ಗಿಡ, ಉಳಿದದ್ದೆಲ್ಲ ಬಯಲು. ಗಿಡದ ನೆರಳು ಸಿಕ್ಕದೆ ಬುತ್ತಿಯನ್ನು ಬಂಡಿಯ ಕೆಳಗೆ ಬಿಚ್ಚುವ ನಾಡಿಗೆ ಗಿಡದ ಹೆಸರನ್ನಿಡುವಷ್ಟು ಹಾಸ್ಯಪ್ರಿಯರು ಹಿಂದಿನವರಿರಲಿಲ್ಲ. ಬಿಲ್ವವಂತೂ ಬೇರೆಯೇ ಮರ. ಬೇಲದ ಹಣ್ಣನ್ನು ಬಿಲ್ವಪತ್ರೆಯ ಮರದಲ್ಲಿ ಕಟ್ಟಿ, ಆ ಮರವನ್ನು ಬೆಳವಲದ ಹೊಲದಲ್ಲಿ ನೆಡುವದು ಭಾಷಾಶಾಸ್ತ್ರವೂ ಅಲ್ಲ, ತೋಟಗಾರಿಕೆಯೂ ಅಲ್ಲ.

ಇನ್ನು ಶಬ್ದದ ಬೆಸುಗೆಯನ್ನು ನೋಡಬೇಕು. ಕನ್ನಡದಲ್ಲಿ ಎರಡು ಪದಗಳು ಸಮಾಸವಾಗಿ ಕೂಡಿದಾಗ ಎರಡನೆಯ ಪದದ ಮೊದಲಲ್ಲಿರುವ ಪಕಾರವು ಕೆಲವೆಡೆ ವಕಾರವಾಗುವದುಂಟು. ಪಟ್ಟದಕಲ್ಲಿನ ಹಳೆಯ ಹೆಸರಾದ ‘ಕಿಸುವೊಳಲ್’ ಎಂಬದು ಕಿಸು ಮತ್ತು ಪೊಳಲ್ ಕೂಡಿ ಆದದ್ದು. ಶಾಸನದವರೆಗೆ ಹೋಗಲು ಬೇಸರಪಡುವವರು ಅಂಗಡಿಯ ಲೆಕ್ಕವನ್ನೇ ನೋಡಲಿ. ‘ನಾಲ್’ ಎಂಬದರ ಮುಂದೆ ‘ಪತ್ತು’ ಬಂದು ನಾಲ್ವತ್ತು ಆಯಿತು. ಆ ನಾಲ್ವತ್ತೇ ಬಾಯಿಂದ ಬಾಯಿಗೆ ಹೋಗುತ್ತ ನಡುವೆ ಒಂದು ಅಕಾರವನ್ನು ಸೇರಿಸಿಕೊಂಡು ನಲವತ್ತು ಎನಿಸಿತು. ಬೆಳ್ವೊಲವು ನಡೆದು ಬಂದ ದಾರಿಯೂ ಇದೇ. ಬೆಳ್ ಎಂಬದರ ಮುಂದೆ ಪೊಲ ಬಂದು ಬೆಳ್ವೊಲವಾಯಿತು, ಬೆಳ್ವೊಲವು ಬೆಳವಲವಾಯಿತು. ದಿನಾಲು ನಲವತ್ತು ಐವತ್ತು ಎಂದು ಎಣಿಸುವ ವರ್ತಕನ ನಾಲಗೆಯಲ್ಲಿ ಈ ವ್ಯಾಕರಣ ಸೂತ್ರವು ಜೀವದಿಂದಿದೆ. ಹೀಗಾಗಿ ಈ ಸಮಾಸದ ಎರಡನೆಯ ಪದವು ‘ಪೊಲ’ವೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಉಳಿದ ಜಗಳವೆಲ್ಲ ಮೊದಲಿನ ‘ಬೆಳ್’ ಎಂಬುದರದು.

ಇಲ್ಲಿ ಧವಳವಾದಿಗಳ ಪಕ್ಷಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಲೇಬೇಕು. ಬೆಳ್ ಎಂದರೆ ಬಿಳಿದು ಎಂಬ ಅರ್ಥವು ಹಳಗನ್ನಡದಲ್ಲಿ ಉಂಟು. ಬೆಳ್ದಿಂಗಳು, ಬೆಳ್ಗೊಡೆ, ಬೆಳ್ಳಿ ಎಂಬ ಶಬ್ದಗಳಲ್ಲಿ ಅದೇ ಇದೆ. ಅಷ್ಟೇ ಅಲ್ಲ, ಬೆಣ್ಣೆಯೆಂಬ ಪುಟ್ಟ ಶಬ್ದವೂ ಒಂದು ಸಮಾಸವೇ. ಬೆಳ್ ಎಂಬುದೂ ನೆಯ್ ಎಂಬುದೂ ಕೂಡಿ, ಬಿಳಿಯ ನೆಯ್ ಎಂಬರ್ಥದಲ್ಲಿ, ಅದು ಹುಟ್ಟಿತು; ತಮಿಳರ ‘ವೆಣ್ಣೆಯ್’ ಅದರ ಒಡಹುಟ್ಟು. ಕುಂದಗೋಳ ನವಲಗುಂದಗಳ ಎರೆಯನ್ನು ಸೀಳಿಕೊಂಡು ಮಲಪ್ರಭೆಯನ್ನು ಕೂಡುವ ಬೆಣ್ಣೆಹಳ್ಳದ ಹೆಸರಿನಲ್ಲಿಯೂ ಈ ಬಿಳುಪು ಅಡಗಿದೆ. ಶ್ರವಣಬೆಳಗೊಳದ ‘ಬೆಳ್ಗೊಳ’ವನ್ನು ಬಿಳಿಯ ಕೊಳವೆಂದು ತಿಳಿದು ಸಂಸ್ಕೃತದಲ್ಲಿ ಧವಳಸರಸ್ಸು, ಶ್ವೇತಸರೋವರವೆಂದು ಕರೆದದ್ದೂ ಸರಿಯಾಗಿಯೇ ಇದೆ. ಬೆಳ್ಗೊಳವು ಬಿಳಿಯ ಕೊಳವಾದರೆ ಬೆಳ್ವೊಲವು ಬಿಳಿಯ ಹೊಲವೇಕಾಗಬಾರದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಬಲವಾದದ್ದೇ.

ಆದರೆ ಕನ್ನಡದಲ್ಲಿ ಬೆಳ್ ಎಂಬುದು ಒಂದಲ್ಲ, ಎರಡು. ಒಂದೇ ಮುಖದ ಈ ಇಬ್ಬರು ಹುಡುಗರು ಅವಳಿಗಳೆಂದು ಕಂಡರೂ ಅವರ ತಾಯಂದಿರು ಬೇರೆ. ತಮಿಳಿನಲ್ಲಿ ಬಿಳುಪಿಗೆ ‘ವೆಳ್’, ಬೆಳೆಯುವದಕ್ಕೆ ‘ವಿಳೈ’. ಅಲ್ಲಿ ಒಂದರ ಸ್ವರ ಎಕಾರ, ಇನ್ನೊಂದರದು ಇಕಾರ. ಕನ್ನಡದಲ್ಲಿ ಮುಂದಿನ ಅಕ್ಷರದ ಸ್ವರದ ಸೆಳೆತದಿಂದ ಇಂತಹ ಇಕಾರವು ಎಕಾರವಾಯಿತು. ತಮಿಳಿನ ‘ಇಲೈ’ ಕನ್ನಡದ ಎಲೆ, ಅಲ್ಲಿಯ ‘ವಿಲೈ’ ಇಲ್ಲಿಯ ಬೆಲೆ, ಅದೇ ಮೇರೆಗೆ ಅಲ್ಲಿಯ ‘ವಿಳೈ’ ಇಲ್ಲಿಯ ಬೆಳೆ. ಹೀಗೆ ಬಿಳುಪಿನ ಬೆಳ್ ಮತ್ತು ಬೆಳೆಯ ಬೆಳ್ ಕನ್ನಡದ ಅಂಗಳಕ್ಕೆ ಬಂದು ಒಂದೇ ಉಡುಪನ್ನು ತೊಟ್ಟವು. ಬೆಳೆ, ಬೆಳಸು, ಬೆಳವಣಿಗೆ ಈ ಮೂರರಲ್ಲಿಯೂ ಅಳಿಯದೆ ಉಳಿಯುವ ಅಂಶವು ಬೆಳ್ ಎಂಬುದೇ. ತಮಿಳರು ಇಂದಿಗೂ ಸಾಗುವಳಿಯ ಭೂಮಿಗೆ ‘ವಿಳೈನಿಲಂ’ ಎನ್ನುತ್ತಾರೆ. ಬೆಳೆಯುವ ಕ್ರಿಯೆಯನ್ನು ಮುಂದಿಟ್ಟು, ನೆಲವನ್ನು ಹಿಂದಿಟ್ಟು ಮಾಡಿದ ಆ ಸಮಾಸಕ್ಕೂ ಬೆಳ್ವೊಲಕ್ಕೂ ಕಟ್ಟಡವೊಂದೇ. ಒಡಹುಟ್ಟಿದ ಭಾಷೆಯು ಇಷ್ಟು ಸ್ಪಷ್ಟವಾಗಿ ಸಾಕ್ಷಿ ನುಡಿಯುತ್ತಿರುವಾಗ ಅವಳನ್ನು ಕಟ್ಟೆಗೆ ಕರೆಯದೆಯೇ ತೀರ್ಪು ಕೊಡುವದು ಯಾವ ನ್ಯಾಯ?

ಸಂಧಿಯೊಂದೇ ತೀರ್ಪು ಹೇಳಲಾರದೆಂದು ಒಪ್ಪೋಣವಾಗಲಿ. ಅದು ಎರಡು ಪಕ್ಷಗಳಿಗೂ ಬಾಗಿಲು ತೆರೆದಿಟ್ಟಿದೆಯೆಂದೇ ಇಟ್ಟುಕೊಳ್ಳಲಿ. ಆಗ ಮಾಡತಕ್ಕದ್ದೇನು? ಎದ್ದು ಹೋಗಿ ಹೊಲವನ್ನು ನೋಡತಕ್ಕದ್ದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬೆಳವಲದ ನೆಲವು ಕರಿದು, ಕಾಡಿಗೆಯಂತೆ ಕರಿದು. ಮಳೆಗಾಲದಲ್ಲಿ ಹಸಿಯೆರೆಯು ಬಂಡಿಯ ಗಾಲಿಗೆ ಮೆತ್ತಿಕೊಂಡು ಎತ್ತುಗಳನ್ನು ಕಂಗೆಡಿಸುತ್ತದೆ. ಬೇಸಗೆಯಲ್ಲಿ ಅದೇ ನೆಲವು ಬಿರಿದು ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಕರಿಯಂಗಿ ತೊಟ್ಟವನನ್ನು ಬಿಳಿಯಂಗಿಯವನೆಂದು ಕರೆಯುವವರುಂಟೇ? ಪ್ರಾಚೀನರು ಬಣ್ಣದ ಹೆಸರನ್ನಿಟ್ಟಲ್ಲೆಲ್ಲ ಕಣ್ಣು ತೆರೆದುಕೊಂಡೇ ಇಟ್ಟಿದ್ದಾರೆ. ಕಿಸುವೊಳಲ್ ಎಂದರೆ ಕೆಂಪು ಪಟ್ಟಣ. ಸಂಸ್ಕೃತದವರು ಅದನ್ನು ರಕ್ತಪುರವೆಂದರು. ಪಟ್ಟದಕಲ್ಲಿಗೆ ಹೋಗಿ ಅಲ್ಲಿಯ ಕೆಂಪು ಮರಳುಗಲ್ಲನ್ನು ನೋಡಿದವನಿಗೆ ಆ ಹೆಸರಿನ ಬಗ್ಗೆ ಯಾವ ಶಂಕೆಯೂ ಹುಟ್ಟುವದಿಲ್ಲ. ಕೆಂಪನ್ನು ಕೆಂಪೆಂದು ಕಂಡ ಅದೇ ಜನರು ಹತ್ತಾರು ಹರಿದಾರಿಯ ಆಚೆಗೆ ಬಂದೊಡನೆ ಕಪ್ಪನ್ನು ಬಿಳುಪೆಂದು ಕಂಡರೆಂಬದನ್ನು ನಂಬಬೇಕಾದರೆ, ದಾರಿಯಲ್ಲಿ ಅವರ ಕಣ್ಣಿಗೇನಾಯಿತೆಂಬದನ್ನು ಧವಳವಾದಿಗಳೇ ವಿವರಿಸಬೇಕು.

ಹತ್ತಿ ಒಡೆದಾಗ ಹೊಲವು ಬೆಳ್ಳಗೆ ಕಾಣುವದಿಲ್ಲವೇ ಎಂದು ಅವರು ಕೇಳಬಹುದು. ಕಾಣುತ್ತದೆ, ಆದರೆ ಎಷ್ಟು ದಿನ? ಬಿಡಿಸುವ ಆಳುಗಳು ಹೊಲದಿಂದ ಮರಳುವವರೆಗೆ ಮಾತ್ರ. ಅದೂ ಅಲ್ಲದೆ ಹತ್ತಿಯು ಧಾರವಾಡ ಸೀಮೆಯ ದೊಡ್ಡ ವ್ಯಾಪಾರದ ಬೆಳೆಯಾದ ಇತಿಹಾಸವು ಗುಟ್ಟಿನದಲ್ಲ. ಕುಂಪಣಿ ಸರಕಾರವು ೧೮೪೦ರ ನಂತರದ ವರ್ಷಗಳಲ್ಲಿ ಅಮೇರಿಕದ ಬೀಜವನ್ನೂ ಅಲ್ಲಿಯ ತಜ್ಞರನ್ನೂ ತರಿಸಿ ಇಲ್ಲಿ ಬಿತ್ತಿಸಿತು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧವು ನಡೆದು ಮ್ಯಾಂಚೆಸ್ಟರದ ಗಿರಣಿಗಳಿಗೆ ಅರಳೆ ಸಿಕ್ಕದಾದಾಗ ಇಲ್ಲಿಯ ಹತ್ತಿಯ ಧಾರಣಿಯು ಗಗನಕ್ಕೇರಿತು. ಕುಮಟೆಯ ಬಂದರದಿಂದ ಹಡಗು ಹತ್ತಿದ ದೇಶೀ ಹತ್ತಿಗೆ ಕುಮಟಾ ಹತ್ತಿಯೆಂಬ ಹೆಸರೇ ನಿಂತಿತು. ಊರಿನ ಹತ್ತಿ ಅದಕ್ಕೂ ಮುಂಚೆ ಇದ್ದಿತೆಂಬದು ನಿಜವಾದರೂ ಹೊಲಕ್ಕೆ ಹೊಲವೇ ಹತ್ತಿಯಾದದ್ದು ಇತ್ತೀಚಿನ ಮಾತು. ಹತ್ತೊಂಬತ್ತನೆಯ ಶತಮಾನದ ನೋಟವನ್ನು ಹತ್ತನೆಯ ಶತಮಾನದ ಶಾಸನದ ಕಣ್ಣಿಗೆ ಕಟ್ಟುವದು ಮೊಮ್ಮಗನ ಅಂಗಿಯನ್ನು ಮುತ್ತಜ್ಜನಿಗೆ ತೊಡಿಸಿದಂತೆ.

ಇದರಲ್ಲಿ ಇನ್ನೊಂದು ವಿನೋದವಿದೆ. ‘ಕರ್ನಾಟಕ’ವೆಂಬ ಶಬ್ದವನ್ನು ಬಿಡಿಸುವಾಗ ಕರಿಯ ನಾಡು ಎಂದು ಹೇಳುವ ಪಕ್ಷವೊಂದಿದೆ. ಗುಂಡರ್ಟ್ ಪಂಡಿತರ ಆ ಅಭಿಪ್ರಾಯವನ್ನು ಕಾಲ್ಡ್ವೆಲ್ಲರು ತಮ್ಮ ದ್ರಾವಿಡ ಭಾಷೆಗಳ ವ್ಯಾಕರಣದಲ್ಲಿ ಎತ್ತಿಕೊಂಡು, ಹತ್ತಿ ಬೆಳೆಯುವ ಕರಿಯ ನೆಲಕ್ಕೆ ಅದು ಚೆನ್ನಾಗಿ ಒಪ್ಪುತ್ತದೆಂದರು. ಕರು ಎಂದರೆ ಎತ್ತರವೆಂದು ಹಿಡಿದು ಎತ್ತರದ ನಾಡೆನ್ನುವವರೂ ಉಂಟು. ಆ ವಾದವು ಇಲ್ಲಿ ಬೇಡ. ಆದರೆ ಕರ್ನಾಟಕದ ಮಾತು ಬಂದಾಗ ಈ ಎರೆಯನ್ನು ಕರಿದೆಂದು ಸಾಕ್ಷಿಗೆ ಕರೆದು, ಬೆಳ್ವೊಲದ ಮಾತು ಬಂದಾಗ ಅದೇ ಎರೆಯನ್ನು ಬಿಳಿದೆನ್ನುವವರು ಒಂದೇ ಸಾಕ್ಷಿಯಿಂದ ಎರಡು ಕಚೇರಿಗಳಲ್ಲಿ ಎರಡು ಜಬಾನಿ ಬರೆಯಿಸಿದವರಾಗುತ್ತಾರೆ.

ಕಡೆಗೆ ಉಳಿಯುವ ಆಧಾರವು ಸಂಸ್ಕೃತದ ಅನುವಾದ. ಯಾವನೋ ಶಾಸನಕವಿಯು ಬೆಳ್ವೊಲವನ್ನು ಧವಳವೆಂದು ಕರೆದನೆಂದೇ ಒಪ್ಪಿದರೂ ಅದರಿಂದ ಸಿದ್ಧವಾಗುವದೇನು? ಅವನಿಗೆ ಬೆಳ್ ಎಂಬುದರ ಒಂದು ಅರ್ಥವು ಗೊತ್ತಿದ್ದಿತು, ಅವನ ವೃತ್ತಕ್ಕೆ ಮೂರಕ್ಷರದ ಸಂಸ್ಕೃತ ಶಬ್ದವೊಂದು ಬೇಕಾಗಿದ್ದಿತು ಎಂಬಷ್ಟೇ. ಅನುವಾದಕನು ಶಬ್ದದ ಜನ್ಮದಾತನಲ್ಲ. ಬಹಳವೆಂದರೆ ಅದಕ್ಕೆ ಬಾಡಿಗೆಯ ಅಂಗಿ ತೊಡಿಸಿದವನು. ಕರ್ಣಗಳಲ್ಲಿ ಅಟನ ಮಾಡುವದು, ಎಂದರೆ ಎಲ್ಲರ ಕಿವಿಯಲ್ಲಿ ಸುಳಿದಾಡುವದು ಕರ್ಣಾಟವೆಂದು ಬಿಡಿಸಿದ ಜಾಣರೂ ಈ ದೇಶದಲ್ಲಿ ಇದ್ದರು. ಚಮತ್ಕಾರಕ್ಕೆ ತಲೆದೂಗಬಹುದು, ಅದನ್ನು ಇತಿಹಾಸವೆಂದು ಬಗೆದು ಮಕ್ಕಳಿಗೆ ಬಾಯಿಪಾಠ ಮಾಡಿಸಬಹುದೇ?

ಸಮಾಸಪದದ ಬಿಡಿಭಾಗಗಳು ಕೈಗೆ ಸಿಕ್ಕಮಾತ್ರಕ್ಕೆ ಅದರ ಹುಟ್ಟು ಸಿಕ್ಕಂತಾಗುವದಿಲ್ಲ. ಯಾರು, ಯಾವ ಕೆಲಸ ಮಾಡುತ್ತಿದ್ದಾಗ, ಏನನ್ನು ಕಂಡು ಆ ಶಬ್ದವನ್ನು ಕಟ್ಟಿದರೆಂಬದು ತಿಳಿಯಬೇಕು. ದೂರದ ಸ್ವೀಡನ್ ದೇಶದಲ್ಲಿ ಬೆಣ್ಣೆ ಸವರಿದ ರೊಟ್ಟಿಯ ತುಣುಕಿಗೆ ‘ಸ್ಮೋರ್ಗೋಸ್’ ಎಂದು ಹೆಸರು. ಬಿಡಿಸಿದರೆ ಸ್ಮೋರ್ ಎಂದರೆ ಬೆಣ್ಣೆ, ಗೋಸ್ ಎಂದರೆ ಬಾತು. ಬೆಣ್ಣೆಬಾತು! ನಿಘಂಟನ್ನು ಮಾತ್ರ ನೋಡುವವನು ಅಲ್ಲಿಯ ಜನರು ಬಾತಿನ ಮಾಂಸವನ್ನು ಬೆಣ್ಣೆಯಲ್ಲಿ ಅದ್ದಿ ತಿನ್ನುತ್ತಿದ್ದರೆಂದು ಒಂದು ಪುರಾಣವನ್ನೇ ಬರೆದಾನು. ಆದರೆ ಅಲ್ಲಿಯ ಬಲ್ಲವರು ಹೇಳುವದು ಬೇರೆ. ಮೊಸರು ಕಡೆಯುವಾಗ ಮೇಲೆ ತೇಲಿ ಬರುವ ಬೆಣ್ಣೆಯ ಉಂಡೆಗಳು ನೀರಿನ ಮೇಲೆ ಈಜುವ ಬಾತುಗಳಂತೆ ಕಂಡದ್ದರಿಂದ ಆ ಉಂಡೆಗೆ ಬಾತೆಂಬ ಹೆಸರು ಬಂದಿತು. ಅದನ್ನು ಸವರಿದ ರೊಟ್ಟಿಗೂ ಅದೇ ಅಂಟಿತು. ಆ ಶಬ್ದದ ತಾಯಿ ಕಡೆಗೋಲು ಹಿಡಿದ ಹೆಂಗಸು. ಅವಳ ಗಡಿಗೆಯೊಳಗೆ ಇಣುಕದವನಿಗೆ ಶಬ್ದದ ಅರ್ಥವು ದೊರೆಯುವದಿಲ್ಲ. ಅದೇ ರೀತಿ ಬೆಳ್ವೊಲದ ಅರ್ಥವು ಕೂರಿಗೆ ಹಿಡಿದವನ ಹೊಲದಲ್ಲಿದೆ, ಅಮರಕೋಶದಲ್ಲಿಲ್ಲ.

ಆ ಹೊಲದ ಗುಣವೇನು? ಮುಂಗಾರಿಯ ಮಳೆಯನ್ನು ಎರೆಯು ಹೊಟ್ಟೆತುಂಬ ಕುಡಿದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಹಿಂಜರಿದ ಮೇಲೆ ಹಿಂಗಾರಿಯ ಬಿತ್ತಿಗೆ. ಬಿಳಿಜೋಳ, ಕಡಲೆ, ಗೋದಿ, ಕುಸುಬೆಗಳು ಆ ನೆಲದ ಹಸಿಯನ್ನೇ ನಂಬಿ, ಚಳಿಗಾಲದ ಇಬ್ಬನಿಯನ್ನು ತಲೆಯ ಮೇಲೆ ಹೊತ್ತು ಬೆಳೆಯುತ್ತವೆ. ಮಸಾರಿಯ ಹೊಲದಲ್ಲಿ ಎಂಟು ದಿನ ಮಳೆ ತಡೆದರೆ ಪೈರು ತಲೆ ಬಾಗಿಸುತ್ತದೆ. ಎರೆಯಲ್ಲಿ ಮುಗಿಲು ಬರಿದಾದ ಮೇಲೂ ಬೆಳೆಯು ಎದ್ದುನಿಲ್ಲುತ್ತದೆ. ಪಡುವಲ ಸೀಮೆಯಿಂದ ಬಂದವನ ಕಣ್ಣಿಗೆ ಮೊದಲು ಬೀಳುವದು ಇದೇ: ಕಾಡಿಲ್ಲ, ಗುಡ್ಡವಿಲ್ಲ, ನೀರಿಲ್ಲ, ಆದರೂ ದಿಗಂತದವರೆಗೆ ನಿಂತ ಬೆಳೆ. ಅಂಥ ನೆಲಕ್ಕೆ ಬೆಳೆವ ಹೊಲವೆನ್ನದೆ ಇನ್ನೇನೆನ್ನಬೇಕು? ಮಲೆಯುಳ್ಳದ್ದು ಮಲೆನಾಡು, ಬೆಳೆಯುಳ್ಳದ್ದು ಬೆಳ್ವೊಲ. ಎರಡೂ ಹೆಸರುಗಳು ಒಂದೇ ಜನರ ಒಂದೇ ಬಗೆಯ ಬುದ್ಧಿಯಿಂದ ಹುಟ್ಟಿದವು. ಕನ್ನಡ ಜಿಲ್ಹೆಗಳ ಅರಸುಮನೆತನಗಳ ಚರಿತ್ರೆಯನ್ನು ಬರೆದ ಫ್ಲೀಟ್ ಸಾಹೇಬರು ಈ ಹೆಸರನ್ನು ಬೆಳೆ ನಿಂತ ಹೊಲವೆಂದೇ ತಿಳಿದರು. ಸಾತ ಸಮುದ್ರದಾಚೆಯಿಂದ ಬಂದವರಿಗೆ ಕಂಡದ್ದು ಮನೆಯವರಿಗೆ ಕಾಣದಿರುವದು ವಿಷಾದದ ಸಂಗತಿ.

ಇದೆಲ್ಲ ಸಂಸ್ಕೃತದ ಮೇಲಿನ ಹಗೆಯೆಂದು ಯಾರೂ ತಿಳಿಯಕೂಡದು. ಸಂಸ್ಕೃತದಿಂದ ಬಂದ ಶಬ್ದವನ್ನು ಸಂಸ್ಕೃತದ್ದೆಂದು ಹೇಳುವದು ಎಷ್ಟು ಧರ್ಮವೋ, ಕನ್ನಡದ್ದನ್ನು ಕನ್ನಡದ್ದೆನ್ನುವದೂ ಅಷ್ಟೇ ಧರ್ಮ. ಎಲ್ಲಿಸ್ ಎಂಬವರು ೧೮೧೬ರಲ್ಲಿ, ಕಾಲ್ಡ್ವೆಲ್ಲರು ೧೮೫೬ರಲ್ಲಿ ದಕ್ಷಿಣದ ಭಾಷೆಗಳ ಒಕ್ಕಲು ಬೇರೆಯೆಂದು ತೋರಿಸಿಕೊಟ್ಟರು. ಕೊಡುಕೊಳ್ಳುವಿಕೆಯು ಎರಡು ಕಡೆಯಿಂದಲೂ ನಡೆದಿದೆ. ಸಂಸ್ಕೃತ ಕವಿಗಳು ಚಂದನಕ್ಕಾಗಿ ಕೊಂಡಾಡುವ ಮಲಯಪರ್ವತದ ಹೆಸರೇ ದಕ್ಷಿಣದವರ ಮಲೆಯಿಂದ ಹೋದದ್ದೆಂದು ಭಾಷಾಶ್ರುತರ ಮತ. ಸಾಲ ಕೊಟ್ಟವನೂ ತಾನೇ ಸಾಲಗಾರನೆಂದು ಬರೆದುಕೊಡುವ ಈ ಔದಾರ್ಯವು ಕನ್ನಡಿಗರಲ್ಲದೆ ಇನ್ನಾರಲ್ಲಿ ಕಂಡೀತು? ಅತ್ತ, ತಾಲೂಕು, ಜಿಲ್ಹೆ, ರೈತ ಎಂಬ ಶಬ್ದಗಳು ಅರಬ್ಬೀ ನಾಡಿನಿಂದ ಬಂದವೆಂದು ಹೇಳಲು ಯಾರೂ ನಾಚುವದಿಲ್ಲ. ನಾಚಿಕೆಯೆಲ್ಲ ಮನೆಯ ಮಾತಿಗೆ ಮಾತ್ರ ಮೀಸಲಾಗಿದೆ.

ಹಾಗೆಂದು ಅಚ್ಚಗನ್ನಡದ ಅಭಿಮಾನಿಗಳೆಲ್ಲರೂ ದೋಷದಿಂದ ದೂರರಲ್ಲ. ಅವರಲ್ಲಿಯೂ ಕಿವಿಯನ್ನೇ ನಂಬಿ ಕೆಡುವವರುಂಟು. ಅಣ್ಣಿಗೇರಿಯೆಂಬ ಹೆಸರಿನ ಬಾಲವು ‘ಕೇರಿ’ಯೆಂದು ತಿಳಿದು, ಅಣ್ಣಂದಿರು ಇದ್ದ ಕೇರಿಯೆಂದು ಕಥೆ ಕಟ್ಟುವದು ಸುಲಭ. ಆದರೆ ಶಾಸನದಲ್ಲಿ ಆ ಊರು ‘ಅಣ್ಣಿಗೆಱೆ’. ಅಲ್ಲಿ ಇಂದು ಬಿಟ್ಟುಹೋಗಿರುವ ಹಳೆಯ ಱಕಾರವಿದೆ. ಅದು ಕೆಱೆಯ ಱಕಾರ, ಕೇರಿಗೆ ಅದಿಲ್ಲ. ಪುಲಿಗೆಱೆಯಲ್ಲಿ ಕೆರೆಯಿರುವಂತೆ ಅಣ್ಣಿಗೆಱೆಯಲ್ಲಿಯೂ ಕೆರೆಯೇ ಇದೆ. ಒಂದು ಅಕ್ಷರವು ಒಂದು ಊರಿನ ಹುಟ್ಟನ್ನು ಹೇಳುತ್ತದೆ. ಅದನ್ನು ನೋಡದವನಿಗೆ ಸಂಸ್ಕೃತವಾದರೇನು, ಕನ್ನಡವಾದರೇನು, ಎರಡೂ ಕತ್ತಲೆಯೇ. ಧಾರವಾಡದ ಶಂ. ಬಾ. ಜೋಶಿಯವರು ಊರ ಹೆಸರುಗಳ ಜಾಡು ಹಿಡಿದು ಕನ್ನಡನಾಡಿನ ಹಿಂದಿನ ಹರವನ್ನು ಹುಡುಕಿ ‘ಕಣ್ಮರೆಯಾದ ಕನ್ನಡ’ವನ್ನು ಬರೆದದ್ದು ೧೯೩೩ರಲ್ಲಿ. ಹೆಸರು ಇತಿಹಾಸದ ಸಾಕ್ಷಿಯೆಂಬದನ್ನು ಈ ಸೀಮೆಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಆದರೆ ಸಾಕ್ಷಿಯ ಬಾಯಲ್ಲಿ ಬೇಕಾದ ಮಾತನ್ನು ತುರುಕಿದ ಬಳಿಕ ಅದು ಸಾಕ್ಷಿಯಾಗಿ ಉಳಿಯುವದಿಲ್ಲ.

ಒಂದು ಹೆಸರಿನಿಂದ ಯಾರ ಹೊಟ್ಟೆ ತುಂಬೀತು, ಯಾರದು ಬರಿದಾದೀತು ಎಂದು ಕೇಳುವವರೂ ಇದ್ದಾರೆ. ಅವರಿಗೆ ಹೇಳತಕ್ಕದ್ದಿಷ್ಟೇ. ಸಾವಿರ ವರ್ಷಗಳಲ್ಲಿ ಬೆಳ್ವೊಲವನ್ನು ಆಳಿದವರು ಅನೇಕರು. ರಾಷ್ಟ್ರಕೂಟರು ಹೋದರು, ಚಾಲುಕ್ಯರು ಹೋದರು, ಯಾದವರು, ವಿಜಯನಗರದವರು, ಆದಿಲಶಾಹಿ, ಪೇಶವೆ, ಕುಂಪಣಿ ಎಲ್ಲರೂ ಹೋದರು. ಅವರ ದಫ್ತರಗಳಲ್ಲಿ ಮುನ್ನೂರೆಂಬ ಲೆಕ್ಕವು ಅಳಿಯಿತು. ಬೆಳ್ವೊಲವೆಂಬ ರಾಜಕೀಯ ವಿಭಾಗವೂ ಅಳಿಯಿತು. ಇಂದು ಆ ಹೆಸರಿನ ತಾಲೂಕಿಲ್ಲ, ಕಚೇರಿಯಿಲ್ಲ, ಮುದ್ರೆಯಿಲ್ಲ. ಅದನ್ನು ಉಳಿಸಿದವರು ರೈತರು, ಬರೆವಣಿಗೆಯಿಂದಲ್ಲ, ಬಾಯಿಂದ. ಇದೇ ನೆಲದ ರೈತರು ೧೯೮೦ರ ಜುಲೈ ೨೧ರಂದು ಮಲಪ್ರಭೆಯ ಕಾಲುವೆಯ ಕರಭಾರದ ವಿರುದ್ಧವಾಗಿ ನವಲಗುಂದ ನರಗುಂದಗಳಲ್ಲಿ ಎದ್ದುನಿಂತರು. ಗೋಳೀಬಾರಿನಲ್ಲಿ ಪ್ರಾಣವನ್ನೂ ತೆತ್ತರು. ಬೆಳೆಗೂ ಹೊಲಕ್ಕೂ ಅವರು ಕೊಟ್ಟ ಬೆಲೆ ಅಷ್ಟು. ಅವರ ಬೆಳೆಯೂ ಅವರ ಹೊಲವೂ ಕೂಡಿ ಆದ ಶಬ್ದವನ್ನು ಅವರಿಂದ ಕಸಿದುಕೊಂಡು, ಇದು ನಿಮ್ಮದಲ್ಲ, ಧವಳವೆಂಬ ದೊಡ್ಡ ಮನೆಯದು ಎಂದು ಹೇಳುವದು ವ್ಯಾಕರಣದ ತಪ್ಪು ಮಾತ್ರವಲ್ಲ, ನ್ಯಾಯದ ತಪ್ಪೂ ಹೌದು.

ಈ ತಪ್ಪು ಪಂಡಿತರ ಗೋಷ್ಠಿಯಲ್ಲಿಯೇ ಮುಗಿದಿದ್ದರೆ ಅದನ್ನು ನಕ್ಕು ಬಿಡಬಹುದಾಗಿದ್ದಿತು. ಆದರೆ ಸ್ಥಳಪುರಾಣಗಳಲ್ಲಿ, ಜಾತ್ರೆಯ ಸಂಚಿಕೆಗಳಲ್ಲಿ, ಸಭೆಯ ಸ್ವಾಗತಭಾಷಣಗಳಲ್ಲಿ ಇಂತಹ ವ್ಯುತ್ಪತ್ತಿಗಳು ಒಮ್ಮೆ ಅಚ್ಚಾದವೆಂದರೆ ಮುಂದೆ ಅವುಗಳನ್ನು ಕೀಳುವದು ಕರಿಕೆಯನ್ನು ಕಿತ್ತಷ್ಟು ಕಷ್ಟ. ಒಂದು ಕಡೆ ಕಿತ್ತರೆ ಹತ್ತು ಕಡೆ ಚಿಗುರುತ್ತದೆ. ಆದುದರಿಂದ ಊರ ಹೆಸರಿನ ಹುಟ್ಟನ್ನು ಬರೆಯಹೊರಟವರು ಮೂರು ಕಡೆಗೆ ಹೋಗಿ ಬರುವ ಶ್ರಮವನ್ನು ವಹಿಸಲಿ. ಮೊದಲು ಶಾಸನದ ಕಲ್ಲಿನ ಹತ್ತಿರ ಹೋಗಿ ಹೆಸರಿನ ಹಳೆಯ ರೂಪವನ್ನು ಅಕ್ಷರಶಃ ನೋಡಿಕೊಳ್ಳಲಿ. ಅನಂತರ ತಮಿಳು ತೆಲುಗು ತುಳುಗಳ ಮನೆಯ ಬಾಗಿಲನ್ನು ತಟ್ಟಿ, ಆ ಶಬ್ದದ ಒಡಹುಟ್ಟಿದವರುಂಟೋ ಎಂದು ವಿಚಾರಿಸಲಿ. ಕಡೆಗೆ ಕೆರವನ್ನು ಕಳಚಿ ಆ ಊರಿನ ಹೊಲದಲ್ಲಿ ಕಾಲಿಡಲಿ. ಅಲ್ಲಿ ಎಡೆಕುಂಟೆ ಹೊಡೆಯುತ್ತಿರುವ ಮುದುಕನನ್ನು ಕೇಳಲಿ. ಈ ಮೂವರೂ ಒಂದೇ ಮಾತು ಹೇಳಿದಾಗ ಅದನ್ನು ಬರೆಯಲಿ; ಹೇಳದಿದ್ದರೆ ಲೇಖನಿಯನ್ನು ಕೆಳಗಿಡಲಿ.

ಬೆಳ್ವೊಲದ ವಿಷಯದಲ್ಲಿಯಾದರೋ ಕಲ್ಲೂ ಒಡಹುಟ್ಟಿದ ಭಾಷೆಯೂ ಕರಿಯ ನೆಲವೂ ಒಂದೇ ಮಾತು ಹೇಳಿವೆ. ಅದು ಬೆಳೆಯ ಹೊಲ. ಅದಕ್ಕಿಂತ ದೊಡ್ಡ ವಂಶವು ಒಂದು ನಾಡಿಗೆ ಬೇಕಾಗಿಯೂ ಇಲ್ಲ.